ನನಗೂ ಕೇಳಿಸಿರಲಿಲ್ಲ

ಖಾದರ್ ಭಾಯ್ ಅವರ ಕಿವಿ ಕೆಟ್ಟಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಕಿವಿ ಮಂದವಾಗಿದೆ ಎಂದು ಅವರು ಬರೆದುಕೊಟ್ಟ ರಾಜೀನಾಮೆ ಪತ್ರದ ಕೆಳಗೆ ನಾನೇ ಷರಾ ಬರೆದೆ, ನಾನೇ ಮೇಲಕ್ಕೆ ಕಳಿಸಿದೆ. ಆಮೇಲೆ ಆರು ವರ್ಷ ಬಾಯಿ ಬಿಡಲಿಲ್ಲ. ನಮ್ಮ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಇವತ್ತಿಗೂ "ಪಾಪ, ಖಾದರ್ ಭಾಯ್‌ಗೆ ಕಿವಿ ಹೋಯ್ತು" ಅನ್ನುವವರು, ಇದನ್ನು ಓದಲಿ ಅಂತಲೇ ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ ನಮ್ಮ ಪಂಪಿನ ಕಾರ್ಖಾನೆ. ನಾನು ಖರೀದಿ ವಿಭಾಗದವನು, ವಿದ್ಯಾನಗರದಿಂದ ಹೋಗುತ್ತಿದ್ದೆ. ಅವರು ಮಾಲಿನ ಗುಣ ನೋಡುವವರು, ಭದ್ರಾವತಿಯಿಂದ ಬರುತ್ತಿದ್ದರು. ದೊಡ್ಡ ಪಂಪುಗಳ ಕಬ್ಬಿಣದ ಕವಚಗಳನ್ನು ಕೊಲ್ಹಾಪುರ, ಕೊಯಮತ್ತೂರಿನ ಫೌಂಡ್ರಿಗಳಲ್ಲಿ ಎರಕ ಹೊಯ್ಯಿಸುತ್ತಿದ್ದೆವು. ತಿಂಗಳಿಗೊಮ್ಮೆ ನಾವಿಬ್ಬರೂ ಹೊರಡಬೇಕು. ರೇಟು, ತಾರೀಕು, ಜಗಳ, ರಾಜಿ — ಇವು ನನ್ನ ಪಾಲು. ಕಬ್ಬಿಣ ಅವರ ಪಾಲು.

ಫೌಂಡ್ರಿಯವರು ಪರೀಕ್ಷೆಯ ಕಾಗದಗಳನ್ನೆಲ್ಲ ಕೊಟ್ಟೇ ಕೊಡುತ್ತಿದ್ದರು. ಖಾದರ್ ಭಾಯ್ ಅವನ್ನು ಓದಿ, ಮಡಿಸಿ, ಜೇಬಿಗಿಟ್ಟುಕೊಂಡು, ಚೀಲದಿಂದ ಒಂದು ಪುಟ್ಟ ಸುತ್ತಿಗೆ ತೆಗೆಯುತ್ತಿದ್ದರು. ಕವಚವನ್ನು ಒಂದೊಂದು ಕಡೆ ಒಂದೊಂದು ಪೆಟ್ಟು ಬಡಿದು, ಕಣ್ಣು ಮುಚ್ಚಿ ನಿಲ್ಲುವರು. ಪೂರ್ತಿ ಬಿರುಕು ಬಿಟ್ಟದ್ದು ಯಾರ ಕಿವಿಗೂ ತಿಳಿಯುತ್ತದೆ. ಅವರಿಗೆ ತಿಳಿಯುತ್ತಿದ್ದದ್ದು ಮುಂದೊಂದು ದಿನ ಬಿರುಕು ಬಿಡಬಹುದಾದದ್ದು.

"ಕೇಳಿಸ್ತಾ ರುದ್ರಣ್ಣ? ದನಿ ಎಳೀತಾ ಎಳೀತಾ ಹೋಗಿ ಕೊನೇಲಿ ಮುಗ್ಗರಿಸ್ತು ನೋಡಿ."

"ಕೇಳಿಸ್ತು ಭಾಯ್."

ನನಗೆ ಕೇಳಿಸಿರುತ್ತಿರಲಿಲ್ಲ. ಮೊದಲ ಸಲ ಅವರು ಕೇಳಿದಾಗ ಸುತ್ತ ಫೌಂಡ್ರಿಯವರೆಲ್ಲ ನಿಂತಿದ್ದರು, ಮರ್ಯಾದೆಗೆ ಹೂಂ ಅಂದೆ. ಎರಡನೆಯ ಸಲ, ಮೊದಲ ಸಲ ಅಂದಿದ್ದೆನಲ್ಲ ಅಂತ ಅಂದೆ. ಹೀಗೇ ಇಪ್ಪತ್ತು ವರ್ಷ. ಅವರು ಪ್ರತಿ ಸಲವೂ ಕೇಳುವರು, ನಾನು ಪ್ರತಿ ಸಲವೂ ಹೂಂ ಅನ್ನುವೆ, ಅವರ ಮುಖ ಅರಳುವುದು. ಆ ಅರಳುವಿಕೆಗೆ ನಾನು ಎಷ್ಟು ಒಗ್ಗಿಹೋಗಿದ್ದೆ ಎಂದರೆ — ಬೇಡ, ಅದನ್ನು ಆಮೇಲೆ ಹೇಳುತ್ತೇನೆ.

ಆ ಪ್ರಯಾಣಗಳು ಈಗ ಎಷ್ಟು ಬೇಕೆನಿಸುತ್ತವೆ. ದಾವಣಗೆರೆಯಲ್ಲಿ ಬಸ್ಸು ನಿಂತರೆ ಅವರು ನನಗಾಗಿ ಈರುಳ್ಳಿ ಹಾಕದ ಮಂಡಕ್ಕಿ ಹುಡುಕಿಕೊಂಡು ಓಡುವರು, ನನ್ನ ಸೋಮವಾರದ ನೇಮ ನನಗಿಂತ ಅವರಿಗೇ ಜಾಸ್ತಿ ನೆನಪು. ರಂಜಾನಿನಲ್ಲಿ ಹೋದರೆ, ಅವರು ಉಪವಾಸ ಬಿಡುವ ತನಕ ನನಗೂ ಕಾಫಿ ಇಳಿಯುತ್ತಿರಲಿಲ್ಲ. "ನೀವು ಕುಡೀರಿ ಮಾರಾಯ್ರೆ, ನಿಮ್ಮ ಕಾಫಿಗೆ ನನ್ನ ರೋಜಾ ಮುರಿಯಲ್ಲ" ಎಂದು ಬೈಯುವರು. ವ್ಯಾಪಾರದ ಮಾತಾದರೂ ಅಷ್ಟೆ, ಮೇಜಿನ ಮುಂದೆ ಆಡಿದ್ದು ಅರ್ಧ. ಉಳಿದರ್ಧ ಬರುತ್ತಿದ್ದದ್ದು ಆಫೀಸಿನ ಬಾಗಿಲಿಂದ ಗೇಟಿನ ತನಕ ನಡೆಯುವಾಗ. ಕುಲುಮೆಯ ಮೇಸ್ತ್ರಿ ಪಕ್ಕಕ್ಕೆ ಬಂದು ಮೆಲ್ಲಗೆ, ಆ ಮಂಗಳವಾರದ ಮಾಲು ಮಾತ್ರ ಸ್ವಲ್ಪ ನೋಡಿಕೊಳ್ಳಿ, ಅನ್ನುವನು. ವಿಡಿಯೋ ಪರದೆಯ ಮೇಲಿನ ಮಾತಿಗೆ ಗೇಟು ಎಲ್ಲಿಂದ ಬರಬೇಕು.

ಆದರೆ ಆ ಪರದೆಯನ್ನು ತರಿಸಿದವನೂ ನಾನೇ.

ಯಜಮಾನರ ಮಗಳು ಕಾರ್ಖಾನೆ ವಹಿಸಿಕೊಂಡ ಹೊಸತು. ಮೇಡಂ ಬುದ್ಧಿವಂತೆ, ಒಳ್ಳೆಯವರು. ದೊಡ್ಡ ದೊಡ್ಡ ಕಂಪನಿಗಳಲ್ಲಿರುವಂಥ ವಿಡಿಯೋ ಕಾನ್ಫರೆನ್ಸ್ ಕೋಣೆ ನಮ್ಮಲ್ಲೂ ಆದರೆ ಈ ಓಡಾಟ ತಪ್ಪೀತೇ ಎಂದು ನೋಡಿ, ಒಂದು ಟಿಪ್ಪಣಿ ಬರೆಯಿರಿ ಎಂದು ನನಗೆ ಹೇಳಿದರು. ಆಗ ನನಗೆ ಸೊಂಟನೋವು; ಬಸ್ಸಿನ ಹೆಸರೆತ್ತಿದರೆ ಮೈ ಬೆವರುತ್ತಿತ್ತು. ಮೂರು ಪುಟ ಬರೆದೆ. ತಪ್ಪುತ್ತದೆ, ಪೂರ್ತಿ ತಪ್ಪುತ್ತದೆ, ಎಂದು ಬರೆದೆ. ಮಾರುವವರು ಬೆಂಗಳೂರಿನಿಂದ ಬಂದು ಗೋಡೆಯಗಲದ ಪರದೆ ಕೂರಿಸಿ, ಒಂದು ತಿಂಗಳು ಬಳಸಿ ನೋಡಿ ಎಂದು ಹೋದರು.

ಮೊದಲ ದಿನ ಕೊಲ್ಹಾಪುರದ ಫೌಂಡ್ರಿ. ಏನು ಹೇಳಲಿ, ಅಲ್ಲಿನ ಮ್ಯಾನೇಜರರ ಮೀಸೆಯ ಕೂದಲು ಎಣಿಸಬಹುದಿತ್ತು. ಅವರು ಮೆಲ್ಲಗೆ ಮಾತಾಡಿದರೂ ಇಲ್ಲಿಗೆ ಕೇಳುತ್ತಿತ್ತು. ರೇಟು ಮುಗಿಯಿತು, ತಾರೀಕು ಮುಗಿಯಿತು. ಖಾದರ್ ಭಾಯ್ ಎದ್ದು ಪರದೆಯ ಹತ್ತಿರ ಹೋಗಿ, ಕವಚಕ್ಕೆ ಒಂದು ಪೆಟ್ಟು ಹೊಡೆಯಿರಿ ಎಂದು ಹಿಂದಿಯಲ್ಲಿ ಕೇಳಿದರು. ಅಲ್ಲಿ ಒಬ್ಬ ಸುತ್ತಿಗೆ ಎತ್ತಿದ, ಬಡಿದ. ಕಂಡಿತು.

"ಇನ್ನೊಂದ್ ಸಲ," ಅಂದರು. ಮತ್ತೆ ಬಡಿದ. ಅವರು ಕಿವಿಗೆ ಅಂಗೈ ಹಿಡಿದರು.

ಸ್ಟೋರಿನ ಮಂಜುನಾಥ ಹಿಂದಿನಿಂದ, "ಭಾಯ್, ಪಂಪಿನ ಜೊತೆ ಕಿವೀನೂ ಒಂದು ಸರ್ವೀಸಿಗೆ ಬಿಡಿ" ಅಂದ. ಎಲ್ಲರೂ ನಕ್ಕರು, ಅವರೂ ನಕ್ಕರು.

"ಏನ್ ಖಾದರ್ ಅವ್ರೆ, ಕೊಲ್ಹಾಪುರನೇ ಶಿವಮೊಗ್ಗಕ್ಕೆ ಬಂತಲ್ಲ?" ಎಂದರು ಮೇಡಂ.

"ಬಂತು ಮೇಡಂ. ಕಾಣ್ತಿದೆ. ದನಿ ಮಾತ್ರ ಬರ್ತಿಲ್ಲ." ಆಮೇಲೆ ಅವರು ನನ್ನ ಕಡೆ ತಿರುಗಿದರು, ಇಪ್ಪತ್ತು ವರ್ಷ ತಿರುಗಿದ ಹಾಗೆಯೇ. "ನಿಮಗೆ ಕೇಳಿಸ್ತಾ ರುದ್ರಣ್ಣ?"

"ಕೇಳಿಸ್ತು ಭಾಯ್," ಅಂದೆ.

ಅಭ್ಯಾಸದಿಂದ ಬಂತೋ, ನನ್ನ ಟಿಪ್ಪಣಿ ಉಳಿಯಲಿ ಎಂದು ಬಂತೋ — ಎಷ್ಟೋ ಸಲ ಯೋಚಿಸಿದ್ದೇನೆ. ಎರಡೂ ಇತ್ತು. ಹಿರಿಯನಾದ ನಾನೇ ಅಂದ ಮೇಲೆ ಮೇಜಿನ ಸುತ್ತ ಇದ್ದವರೂ ತಲೆಯಾಡಿಸಿದರು. ಖಾದರ್ ಭಾಯ್ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಬಂದು ಕುರ್ಚಿಯಲ್ಲಿ ಕೂತರು.

ಇಷ್ಟೇ ಆಗಿದ್ದರೆ ಬಾಯಿ ತಪ್ಪಿತು ಅನ್ನಬಹುದಿತ್ತು. ಮೂರು ದಿನ ಬಿಟ್ಟು ಯಂತ್ರ ಕೂರಿಸಿದ ಎಂಜಿನಿಯರ್ ಬಂದಿದ್ದ. ಹೀಗೆ ಹೀಗೆ, ಬಡಿದ ಸದ್ದು ಬರಲಿಲ್ಲ ಎಂದು ನಾನೊಬ್ಬನೇ ಇದ್ದಾಗ ಹೇಳಿದೆ.

"ಬರಲ್ಲ ಸಾರ್. ಮಾತು ಬಿಟ್ಟು ಬೇರೆ ಸದ್ದೆಲ್ಲ ಅದೇ ಅಳಿಸಿಹಾಕುತ್ತೆ. ಪೆನ್ನು ಬಡಿಯೋದು, ಲೋಟ ಕುಕ್ಕೋದು, ಬಾಗಿಲು ತಟ್ಟೋದು. ಅದಕ್ಕೇ ಅಲ್ವಾ ಇಷ್ಟು ಕ್ಲಿಯರ್ ಇರೋದು? ಬೇಕಂದ್ರೆ ಸೆಟ್ಟಿಂಗಲ್ಲಿ ತೆಗೀಬಹುದು. ಎರಡು ನಿಮಿಷ. ತೆಗೀಲಾ?"

ನಾನು "ಬೇಡ, ಬಿಡಿ" ಎಂದೆ.

ತೆಗೆದರೆ ಮರುದಿನ ಆ ಸದ್ದು ಕೋಣೆ ತುಂಬ ಕೇಳುತ್ತದೆ. ಕೇಳಿದರೆ, ಹಾಗಾದರೆ ಮೊನ್ನೆ ನಿಮಗೆ ಕೇಳಿಸಿದ್ದೇನು ರುದ್ರಪ್ಪನವರೇ, ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಷ್ಟೇ ಕಾರಣ. ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ನನ್ನಲ್ಲಿ ಸಿಗುವುದಿಲ್ಲ.

ಅದರ ಮುಂದಿನ ವಾರ ಖಾದರ್ ಭಾಯ್ ರಾಜೀನಾಮೆ ಪತ್ರ ಹಿಡಿದು ಬಂದರು; ಅವರ ಪತ್ರಗಳು ನನ್ನ ಮೂಲಕವೇ ಮೇಲೆ ಹೋಗಬೇಕಿತ್ತು. ನನ್ನ ಎದುರು ಕೂತು, ಮೇಜಿನ ಮೇಲಿಟ್ಟರು.

"ಸ್ಟೋರಿಗೆ ಹೋಗಿ ಹಳೇ ಕವಚಗಳನ್ನೆಲ್ಲ ಬಡಿದು ನೋಡಿದೆ ರುದ್ರಣ್ಣ. ಕೇಳುತ್ತೆ. ಆದ್ರೆ ಕಿವಿಗೆ ಕೇಳ್ತಿದೆಯೋ, ನೆನಪಿಗೆ ಕೇಳ್ತಿದೆಯೋ, ಅದೇ ಗೊತ್ತಾಗ್ತಿಲ್ಲ. ನಿಮಗೆಲ್ಲ ಕೇಳಿದ್ದು ನನಗೆ ಕೇಳಿಲ್ಲ ಅಂದ್ಮೇಲೆ ನಾನು ಪಾಸ್ ಅಂತ ಚಾಕ್ ಹಾಕೋದು ಹರಾಮ್ ಆಗುತ್ತೆ. ಪಂಪು ಯಾವ ಊರಿಗೆ ಹೋಗುತ್ತೋ. ಒಡೆದ್ರೆ ಪಕ್ಕದಲ್ಲಿ ಯಾರು ನಿಂತಿರ್ತಾರೋ."

ಡಾಕ್ಟರಿಗೆ ತೋರಿಸಿ ಎಂದೂ ನಾನು ಹೇಳಲಿಲ್ಲ. ಡಾಕ್ಟರು ಚೆನ್ನಾಗಿದೆ ಅಂದುಬಿಟ್ಟರೆ?

"ವಯೋಸಹಜ. ಅಂಗೀಕರಿಸಬಹುದು." ನಾನು ಬರೆದ ಷರಾ ಇದು. ಬರೆಯುವಾಗ ಅವರು ಎದುರಿಗೇ ಕೂತಿದ್ದರು. "ನಿಮ್ಮ ಅಕ್ಷರ ಚೆಂದ" ಎಂದರು.

ಆ ಕೋಣೆಯನ್ನು ದೂರಲಾರೆ. ಅದು ದುಡಿಯಿತು. ನಕ್ಷೆ ತಿದ್ದುವುದಕ್ಕೆ, ತಾರೀಕು ಹಿಡಿಯುವುದಕ್ಕೆ, ಸಣ್ಣಪುಟ್ಟ ಜಗಳಕ್ಕೆ, ನಿಜವಾಗಿ ಪ್ರಯಾಣ ಬೇಕಿರಲಿಲ್ಲ. ನನ್ನ ಟಿಪ್ಪಣಿಯ ಮೂರರಲ್ಲಿ ಎರಡು ಪುಟ ಸತ್ಯವೇ. ಮಾಲು ನೋಡಲು ಮುಂದೆ ಒಂದು ಪರೀಕ್ಷಾ ಯಂತ್ರವೂ ಬಂತು. ನಾನು ಆ ತಣ್ಣನೆಯ ಕೋಣೆಯಲ್ಲಿ ಕೂತು ಒಂದೇ ಬೆಳಿಗ್ಗೆ ಎರಡು ರಾಜ್ಯ ಮುಗಿಸುತ್ತಿದ್ದೆ. ಮಾತು ಮುಗಿದ ತಕ್ಷಣ ಪರದೆ ಕಪ್ಪಾಗಿ, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಹೀಗಾಯಿತಲ್ಲ ಭಾಯ್, ಅವನು ಆ ಮಾತು ಯಾಕಂದ, ಎಂದು ಹೇಳಿಕೊಳ್ಳಲು ಪಕ್ಕಕ್ಕೆ ತಿರುಗುತ್ತಿದ್ದೆ. ನಿವೃತ್ತಿಯಾಗುವ ದಿನದವರೆಗೂ ಆ ತಿರುಗುವುದು ನಿಲ್ಲಲಿಲ್ಲ.

ಈ ವರ್ಷ ಯುಗಾದಿಯ ಮುಂಚೆ ಕೋಟೆಯ ಹತ್ತಿರ ಖಾದರ್ ಭಾಯ್ ಅವರ ಮಗ ಸಲೀಂ ಸಿಕ್ಕ. ಭದ್ರಾವತಿಯಲ್ಲೇ ಒಂದು ಸಣ್ಣ ಫೌಂಡ್ರಿಯವರು, ನಮ್ಮ ಹುಡುಗರಿಗೆ ಮಾಲು ನೋಡೋದು ಕಲಿಸಿಕೊಡಿ, ಎಂದು ಮೂರು ಸಲ ಮನೆಗೆ ಬಂದು ಕರೆದರಂತೆ.

"ಅಬ್ಬಾ ಒಪ್ಪಲ್ಲ ಅಂಕಲ್. ಕಿವಿ ಹೋದೋನು ಏನ್ ಕಲಿಸ್ಲಿ ಅಂತಾರೆ. ಮನೇಲಿ ನಾವು ಪಿಸುಗುಟ್ಟಿದ್ದೂ ಅವರಿಗೆ ಕೇಳುತ್ತೆ. ನೀವಾದ್ರೂ ಒಂದು ಮಾತು ಹೇಳಿ. ನಿಮ್ಮ ಮಾತಂದ್ರೆ ಅವರಿಗೆ..."

ಅವನು ಮುಗಿಸಲಿಲ್ಲ. ಮುಗಿಸುವುದು ಬೇಕಾಗಿರಲಿಲ್ಲ.

ಫೋನಿನಲ್ಲಿ ಹೇಳಿಬಿಡೋಣ ಎಂದು ಎರಡು ಸಲ ಕೈಗೆತ್ತಿಕೊಂಡೆ. ಮುಖ ಬೇಕಾದರೂ ಕಾಣುತ್ತದೆ. ಆದರೆ ಅದರಲ್ಲಿ ಒಂದು ಅನುಕೂಲವಿದೆ, ನಡುವೆ ತಾಳಲಾರದೆ ಕತ್ತರಿಸಿ, ಸಿಗ್ನಲ್ ಹೋಯಿತು ಅನ್ನಬಹುದು. ನನ್ನನ್ನು ನಾನು ಬಲ್ಲೆ. ಭದ್ರಾವತಿಯ ಬಸ್ಸು ಹತ್ತಿದೆ.

ಹಜಾರದಲ್ಲಿ ಕೂರಿಸಿದರು, ಚಹಾ ಬಂತು. ನಾನು ಕುಡಿಯದೆ ಹೇಳಿದೆ. ಪರದೆಯ ಸದ್ದು, ಎಂಜಿನಿಯರ್ ಹೇಳಿದ್ದು, ಬೇಡ ಬಿಡಿ ಎಂದದ್ದು, ಷರಾ — ಎಲ್ಲವನ್ನೂ. "ಅವತ್ತು ನನಗೂ ಕೇಳಿಸಿರಲಿಲ್ಲ ಭಾಯ್. ಅಲ್ಲಿದ್ದ ಯಾರಿಗೂ ಕೇಳಿಸಿರಲಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ, ಆರು ವರ್ಷ ಕೊಡಿ ಎಂದು ಕೇಳುತ್ತಾರೆ ಎಂದುಕೊಂಡಿದ್ದೆ. ಅವರು ಬೇರೇನೋ ಕೇಳಿದರು.

"ಅದಕ್ಕೆ ಮುಂಚೆ? ಕೊಯಮತ್ತೂರಲ್ಲಿ, ಕೊಲ್ಹಾಪುರದಲ್ಲಿ... ಒಂದು ಸಲನಾದ್ರೂ ಕೇಳಿಸಿತ್ತಾ ರುದ್ರಣ್ಣ?"

ಅಲ್ಲಿ ಇನ್ನೊಂದು ಸುಳ್ಳು ಹೇಳಿದ್ದರೆ ಅವರಿಗೆ ಏನೋ ಉಳಿಯುತ್ತಿತ್ತು. ಹೇಳಲಾಗಲಿಲ್ಲ. "ಇಲ್ಲ" ಎಂದೆ.

"ನಾವಿಬ್ರೂ ಕೇಳ್ತಿದ್ವಿ ಅಂದ್ಕೊಂಡಿದ್ದೆ," ಎಂದರು. ಅಷ್ಟೇ. ನನ್ನ ಚಹಾ ತಣ್ಣಗಾಗಿತ್ತು. ಇನ್ನೊಂದು ಲೋಟ ತರಲು ಒಳಗೆ ಹೇಳಲಿಲ್ಲ. ಮತ್ತೆ ಬನ್ನಿ ಎಂದೂ ಹೇಳಲಿಲ್ಲ. ಹೇಳಬೇಕೆಂದು ನಾನು ಕಾಯಲೂ ಇಲ್ಲ.

ಹೋದ ತಿಂಗಳು ಸಲೀಂ ಮತ್ತೆ ಸಿಕ್ಕಿದ್ದ. ಅಬ್ಬಾ ಫೌಂಡ್ರಿಗೆ ಹೋಗುತ್ತಿದ್ದಾರೆ ಎಂದ, ಹುಡುಗರಿಗೆ ಕಲಿಸುತ್ತಿದ್ದಾರೆ ಎಂದ. ಆ ಫೌಂಡ್ರಿಯ ಕೆಲಸದ ಮೇಲೆ ಕೊಲ್ಹಾಪುರಕ್ಕೂ ಹೋಗಿ ಬಂದರಂತೆ. ನನ್ನನ್ನು ವಿಚಾರಿಸಿದರೇ ಎಂದು ಕೇಳುವ ಹಕ್ಕು ನನಗಿಲ್ಲ. ಬಸ್ಸಿನಲ್ಲಿ ಜೊತೆಗೆ ಯಾರಿದ್ದರು ಎಂದಷ್ಟೇ ತಿಳಿಯಬೇಕೆನಿಸಿತು. ಅದನ್ನೂ ಕೇಳದೆ, ಸಲೀಮನ ಬೆನ್ನು ತಟ್ಟಿ, ಮನೆ ಕಡೆ ನಡೆದೆ.