ಹಾಯ್ಟ್ ಕದಿಯದ ಗಂಟೆ

ಹಾಯ್ಟ್ ಬ್ರಾಸ್‌ಫೀಲ್ಡ್ ನಮ್ಮ ಓಡಮ್‌ವಿಲ್ಲಿನ ಅಂಚೆಯವನಾಗಿದ್ದ. ನಾನು ಶಾಲೆಯಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ನನ್ನ ಮನೆಗೆ ಕಾಗದ ತಂದುಕೊಟ್ಟವನು ಅವನೇ. ಅವನನ್ನು ಕಂಡು ಊರಿನ ಯಾವ ನಾಯಿಯೂ ಬೊಗಳುತ್ತಿರಲಿಲ್ಲ. ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿಯುವ ಕೆಲಸವನ್ನು ಎಲ್ಲರೂ ಒಮ್ಮತದಿಂದ ಅವನಿಗೆ ಬಿಟ್ಟಿದ್ದರು. ಅಂಥವನು ಎಪ್ಪತ್ತು ದಾಟಿದ ಮೇಲೆ ಕಳ್ಳನೆಂದು ಹೆಸರಾದ. ಅಂದರೆ, ಊರಿನ ಅರ್ಧ ಜನರ ಪಾಲಿಗೆ ದೊಡ್ಡ ಮನುಷ್ಯನಾದ.

ಅಲಬಾಮಾದ ಈ ಮೂಲೆಯಲ್ಲಿ ಮನುಷ್ಯ ಹುಟ್ಟುವಾಗಲೇ ಕೆಂಪಿನವನೋ ನೀಲಿಯವನೋ ಆಗಿರುತ್ತಾನೆ. ಕೆಂಪು ವಿನ್‌ಸ್ಲೆಟ್ ಕಾಲೇಜಿನ ಬಣ್ಣ, ನೀಲಿ ಹ್ಯಾಲರ್ಡ್ ಕಾಲೇಜಿನದು. ಎರಡರ ನಡುವೆ ಒಂದು ಹೊಳೆಯೂ ಅಜ್ಜಂದಿರ ಕಾಲದ ಫುಟ್‌ಬಾಲ್ ಜಗಳವೂ ಇವೆ. ಜಗಳವಾಡುವವರಲ್ಲಿ ಹೆಚ್ಚಿನವರು ಆ ಕಾಲೇಜುಗಳ ಮೆಟ್ಟಿಲು ಹತ್ತಿದವರಲ್ಲ, ಹಾಯ್ಟನೂ ಹತ್ತಿದವನಲ್ಲ. ಆದರೂ ಆ ಎರಡು ತಂಡಗಳು ಆಡುವ ಶನಿವಾರ ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ಸತ್ತವರನ್ನೂ ಸೋಮವಾರದವರೆಗೆ ಕಾಯಿಸುತ್ತೇವೆ. ಅವರಲ್ಲಿ ಯಾರೂ ಇದುವರೆಗೆ ಬೇಸರಪಟ್ಟುಕೊಂಡದ್ದಿಲ್ಲ.

ಹಾಯ್ಟ್ ಅಪ್ಪಟ ಕೆಂಪಿನವನು. ಆದರೆ 1971ರ ಪಂದ್ಯಕ್ಕೆ, ಕೆಂಪಿನವರು ಕೊನೆಯ ಗಳಿಗೆಯಲ್ಲಿ ಗೆದ್ದ ಆ ಪಂದ್ಯಕ್ಕೆ, ಅವನೊಬ್ಬ ಬಂದಿರಲಿಲ್ಲ. ಊರಿಗೆ ಊರೇ ಕ್ರೀಡಾಂಗಣದಲ್ಲಿದ್ದ ಆ ಮಧ್ಯಾಹ್ನವೇ ಹ್ಯಾಲರ್ಡಿನ ಗೋಪುರದಿಂದ ಅವರು ಗೆದ್ದಾಗ ಬಾರಿಸುವ ಗಂಟೆ ಕಳುವಾಯಿತು. ಯಾರು ಕದ್ದರೋ ತಿಳಿಯಲಿಲ್ಲ.

ನೀಲಿಯವನಾದ ಕ್ಷೌರಿಕ ಕ್ಲೀವ್, ಹಾಯ್ಟ್ ಕುರ್ಚಿಯಲ್ಲಿ ಕುಳಿತಾಗಲೆಲ್ಲ ಕೆಣಕುತ್ತಿದ್ದ: "ಅದ್ಸರಿ ಕಣಯ್ಯಾ, ಆವತ್ತು ಎಲ್ಲೋಗಿದ್ದೆ? ಸೋಲ್ತೀವಿ ಅಂತ ಹೆದರಿ ಮಂಚದ ಕೆಳಗೆ ಸೇರ್ಕೊಂಡಿದ್ಯಾ?"

ಹಾಯ್ಟ್ ಕಿವಿ ಕೆಂಪಗೆ ಮಾಡಿಕೊಂಡು, "ಕೂದ್ಲು ಕತ್ತರ್ಸು, ಕಿವಿ ಬಿಟ್ಟು" ಎನ್ನುತ್ತಿದ್ದ.

ಅವನು ಎಲ್ಲಿದ್ದನೆಂದು ಅವನ ಹೆಂಡತಿ ಐಡೆಲ್‌ಗೆ ಮಾತ್ರ ಗೊತ್ತಿತ್ತು. ಅವನು ಆವತ್ತು ಅವಳ ತಂದೆಯ ಅಡುಗೆಮನೆಯಲ್ಲಿ ಕುಳಿತು, ತನ್ನನ್ನು ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿದ್ದ. ಒಂದು ಹುಡುಗಿಗಾಗಿ, ಅದೂ ನೀಲಿ ಮನೆಯ ಹುಡುಗಿಗಾಗಿ, ಪಂದ್ಯ ಬಿಟ್ಟವನೆಂದರೆ ಊರಲ್ಲಿ ತಲೆಯೆತ್ತಿ ನಡೆಯುವಂತಿರಲಿಲ್ಲ. ಆದ್ದರಿಂದ ಆ ಮಾತು ಮರುದಿನ, ಭಾನುವಾರ, ಚರ್ಚು ಬಿಟ್ಟ ಮೇಲೆ ನಡೆಯಿತೆಂದು ಹೇಳಿಕೊಂಡ. ಐಡೆಲ್ ಸುಮ್ಮನಿದ್ದಳು. ಮದುವೆಯ ಆರಂಭದಲ್ಲಿ ಹೆಂಗಸರು ಬಹಳಷ್ಟಕ್ಕೆ ಸುಮ್ಮನಿರುತ್ತಾರೆ.

ಮೊನ್ನೆ ಮೊನ್ನೆ ಕ್ಯಾಲಿಫೋರ್ನಿಯಾದಿಂದ ಪೈಪರ್ ಎಂಬ ಹುಡುಗಿ ಕ್ಯಾಮೆರಾ ಹಿಡಿದು ಬಂದಳು. ಈ ಜಗಳದ ಮೇಲೊಂದು ಸಾಕ್ಷ್ಯಚಿತ್ರ ಮಾಡುವುದು ಅವಳ ಉದ್ದೇಶ. ನಮ್ಮವರಿಗೆ ಜಗಳವಾಡಿ ಅಭ್ಯಾಸವಿತ್ತೇ ಹೊರತು, ಅದನ್ನು ಯಾರಾದರೂ ಗೌರವದಿಂದ ಕೇಳಿಸಿಕೊಂಡು ಅಭ್ಯಾಸವಿರಲಿಲ್ಲ. ಎಲ್ಲರೂ ಇಸ್ತ್ರಿ ಮಾಡಿದ ಅಂಗಿ ತೊಟ್ಟರು.

"ಮಿಸ್ಟರ್ ಬ್ರಾಸ್‌ಫೀಲ್ಡ್, ಆ ಪಂದ್ಯದ ದಿನ ನೀವೊಬ್ರೇ ಬಂದಿರ್ಲಿಲ್ವಂತೆ. ಎಲ್ಲಿದ್ರಿ ಸರ್?" ಎಂದು ಅವಳು ಕೇಳಿದಳು.

ದೀಪಗಳು ಕಣ್ಣು ಕುಕ್ಕುತ್ತಿದ್ದವು. ಕ್ಯಾಮೆರಾದ ಹಿಂದೆ ಕ್ಲೀವ್ ನಗುತ್ತ ನಿಂತಿದ್ದ. ಹಾಯ್ಟ್ ಗಂಟಲು ಸರಿಮಾಡಿಕೊಂಡು, "ಗಂಟೆ ಇಳಿಸ್ತಾ ಇದ್ದೆ, ಮ್ಯಾಮ್" ಎಂದುಬಿಟ್ಟ.

ಆ ತುಣುಕು ಎಲ್ಲರ ಫೋನುಗಳಿಗೂ ಬಂತು. ಕೆಂಪಿನವರು ಅವನ ಮನೆಗೆ ಕರಿದ ಕೋಳಿಯನ್ನೂ ಪೀಕನ್ ಬೀಜದ ಕಡುಬನ್ನೂ ಹೊತ್ತು ತಂದರು. ನೀಲಿ ಹುಡುಗರು ಗುದ್ದಲಿ ತಂದು, ಗಂಟೆ ಇಲ್ಲೇ ಹೂತಿರಬೇಕೆಂದು ಅವನ ಬೆಂಡೆಯ ಪಾತಿ ಅಗೆದರು. ಕ್ಷೌರದಂಗಡಿಯಲ್ಲಿ ಕ್ಲೀವ್ ಮೊದಲ ಸಲ ಅವನನ್ನು "ಸರ್" ಎಂದ. ಕದ್ದವನ ಮೇಲೆ ಸಿಟ್ಟಿತ್ತು. ಕದಿಯಲೆಂದು ಅಂಥ ಪಂದ್ಯವನ್ನೇ ತ್ಯಾಗ ಮಾಡಿದವನ ಮೇಲೆ ಭಕ್ತಿ ಹುಟ್ಟಿತ್ತು.

ಐಡೆಲ್ ಮಾತ್ರ ಅವನೊಡನೆ ಮಾತು ಬಿಟ್ಟಳು. ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋಗುತ್ತಿದ್ದಳು. ಹಾಯ್ಟ್ ನಮ್ಮ ಜಗಲಿಗೆ ಬಂದು, ಬೇಯಿಸಿದ ಕಡಲೆಕಾಯಿಯ ಸಿಪ್ಪೆ ಸುಲಿಯುತ್ತ, ನಿಜವನ್ನೆಲ್ಲ ನನಗೆ ಹೇಳಿದ.

"ಏನಂದ್ಲು ಗೊತ್ತಾ? 'ನೀನು ಭಾನುವಾರ ಅಂದೆ, ನಾನು ಸಹಿಸ್ಕೊಂಡೆ. ಈಗ ಆ ಶನಿವಾರಾನೂ ಗಂಟೆಗೆ ಕೊಟ್ಬಿಟ್ಯಾ?' ಅಂದ್ಲು. ಅದೇ ಕೊನೇ ಮಾತು."

"ನಿಜ ಹೇಳ್ಬಿಡು" ಎಂದೆ.

"ಎಲ್ರ ಮುಂದೆ? ಹುಡುಗಿ ಹಿಂದೆ ಹೋಗಿದ್ದೆ ಅಂತ?" ಕಳ್ಳನೆನಿಸಿಕೊಂಡಾಗ ಅರಳಿದ್ದ ಆ ಮುಖ ಈಗ ಬಾಡಿತು.

ಚಿತ್ರವನ್ನು ಚರ್ಚಿನ ಸಭಾಂಗಣದಲ್ಲಿ ತೋರಿಸಿದರು. ಐಡೆಲ್ ಬಂದು, ಗಂಡನಿಂದ ದೂರ, ಕೊನೆಯ ಸಾಲಿನಲ್ಲಿ ಕುಳಿತಳು. ಚಿತ್ರ ಮುಗಿದು ಚಪ್ಪಾಳೆ ನಿಂತ ಮೇಲೆ ಪೈಪರ್ ಹಾಯ್ಟನನ್ನು ಮುಂದಕ್ಕೆ ಕರೆದಳು. ಕ್ಲೀವ್ ಕೂಗಿದ: "ಈಗಾದ್ರೂ ಹೇಳಿ ಸರ್, ನಮ್ಮ ಗಂಟೆ ಎಲ್ಲಿ?"

ಹಾಯ್ಟ್ ಕೊನೆಯ ಸಾಲನ್ನು ನೋಡಿದ. "ನಂಗೊತ್ತಿಲ್ಲ. ನಾನು ಕದ್ದಿಲ್ಲ. ಸುಳ್ಳು ಹೇಳ್ದೆ" ಎಂದ.

ಸಭೆ ಮೆಚ್ಚಿ ನಕ್ಕಿತು. "ನೋಡ್ರೋ, ಈಗ್ಲೂ ಬಾಯಿ ಬಿಡ್ತಿಲ್ಲ ಮುದುಕ!" ಎಂದನೊಬ್ಬ ಕೆಂಪಿನವ. "ಶತ್ರು ಅಂದ್ರೆ ಇವ್ನು ಕಣ್ರೋ" ಎಂದು ಕ್ಲೀವ್ ತಲೆದೂಗಿದ.

ಹಾಯ್ಟ್ ದನಿ ಏರಿಸಿದ. "ನಿಜವಾಗ್ಲೂ ಕದ್ದಿಲ್ಲ! ಆವತ್ತು ಐಡೆಲ್ ಮನೇಲಿದ್ದೆ. ನನ್ನ ಮದುವೆ ಆಗ್ತೀಯಾ ಅಂತ ಕೇಳೋಕೆ ಹೋಗಿದ್ದೆ. ಭಾನುವಾರ ಅಲ್ಲ, ಶನಿವಾರಾನೇ. ಪಂದ್ಯ ನಡೀತಿದ್ದಾಗ್ಲೇ."

ಈಗ ಯಾರೂ ನಗಲಿಲ್ಲ. ಕಳ್ಳತನವನ್ನು ಕ್ಷಮಿಸಿದ್ದ ಸಭೆಗೆ ಇದು ಅತಿಯಾಯಿತು. ಪಾದ್ರಿಗಳು ನೆಲ ನೋಡಿದರು. ಮುಂದಿನ ಸಾಲಿನ ಕೆಂಪಿನವನೊಬ್ಬ ನಿಧಾನವಾಗಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಆಗ ಹಿಂದಿನಿಂದ ಐಡೆಲ್ ಎದ್ದಳು.

"ಏನ್ ಹಂಗೆ ನೋಡ್ತೀರಾ ಅವನ್ನ? ಅಪ್ಪನ ರೇಡಿಯೋ ಕಿಟಕಿ ಮೇಲೇ ಇತ್ತು. ಒಂದು ಮಾತೂ ತಪ್ಪದ ಹಾಗೆ ಪಂದ್ಯ ಕೇಳಿದಾನೆ ಇವ್ನು. ಮಧ್ಯದ ಬಿಡುವು ಬರೋ ತನಕ ನನ್ ಕಡೆ ತಿರುಗೂ ನೋಡ್ಲಿಲ್ಲ. ಬಿಡುವಲ್ಲಿ ಕೇಳ್ದ. ನಾನು ಯೋಚ್ನೆ ಮಾಡ್ಬೇಕು ಅಂದ್ರೆ, 'ಬೇಗ ಹೇಳು ಐಡೆಲ್, ಆಟ ಶುರುವಾಗುತ್ತೆ' ಅಂದ!"

ಸಭೆ ಎದ್ದು ನಿಂತಿತು. ಕೆಂಪು ನೀಲಿ ಭೇದವಿಲ್ಲದೆ ಚಪ್ಪಾಳೆ ತಟ್ಟಿದರು. "ಗಂಡಸು ಅಂದ್ರೆ ಹಿಂಗಿರ್ಬೇಕು!" ಎಂದು ಕ್ಲೀವ್ ಕಣ್ಣೊರೆಸಿಕೊಂಡ. ಪೈಪರ್ ಒಬ್ಬಳೇ ಏನೂ ಅರ್ಥವಾಗದೆ ಎಲ್ಲರ ಮುಖ ನೋಡುತ್ತಿದ್ದಳು.

ಗದ್ದಲದ ನಡುವೆಯೇ ಹಾಯ್ಟ್ ಮೆಲ್ಲಗೆ ಕೊನೆಯ ಸಾಲಿಗೆ ಬಂದು ನಿಂತ. ಐಡೆಲ್ ಒಂದಿಷ್ಟು ಸರಿದು ಜಾಗ ಮಾಡಿದಳು.

"ಕೂತ್ಕೊ" ಎಂದಳು. "ಮಂಡಿ ನೋವು ಬರುತ್ತೆ."