ಇಬ್ಬರ ರೇನ್‌ಕೋಟು

ಅವನಿಗೆ ಟೆಂಟು ಅಂತ ಹೆಸರಿಟ್ಟವನು ನಾನೇ. ಹೊಲಿಗೆ ಮಿಷಿನ್ ರಿಪೇರಿ ಅವನ ಕಸುಬು. ಹಳೇ ಬೈಕಿನ ಟ್ಯಾಂಕಿನ ಮೇಲೆ ಸಾಮಾನಿನ ಪೆಟ್ಟಿಗೆ, ಹಿಂದಿನ ಸೀಟಿನಲ್ಲಿ ಅವನ ಅಕ್ಕ. ಮಳೆ ಬಂದರೆ ಇಬ್ಬರಿಗೂ ಸೇರಿ ಒಂದೇ ಕೋಟು. ತೋಳಿಲ್ಲದ್ದು, ಕಂಬಳಿಯಷ್ಟು ಅಗಲ. ಮುಂದಿನ ಸೆರಗು ಹ್ಯಾಂಡಲ್ ಮೇಲೆ, ಹಿಂದಿನದು ಅಕ್ಕನ ತಲೆ ಮೇಲೆ. ನೋಡಿದವರಿಗೆ ಗುಡಾರವೇ ಕಿತ್ತುಕೊಂಡು ಓಡಿಹೋದ ಹಾಗೆ.

ಅಕ್ಕ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಬೆಳಿಗ್ಗೆ ಬಿಟ್ಟು ಸಂಜೆ ಕರೆತರುವುದು ಇವನ ಪಾಲು. ಕೋಟಿನೊಳಗೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. "ಎಲ್ಲಿಗೆ ಬಂದ್ವೋ?" ಅಂತ ಬೆನ್ನಿಗೆ ತಿವಿಯುವಳು.

"ಸೇತುವೆ."

ಮತ್ತೆ ತಿವಿತ. "ಈಗೆಲ್ಲಿ?"

"ಇನ್ನೂ ಸೇತುವೆನೇ ಕಣೇ, ಮುಂದೆ ಲಾರಿ ನಿಂತಿದೆ!"

ಇಬ್ಬರಿಗೂ ಮದುವೆಯಾಗಿರಲಿಲ್ಲ. ಮೊದಲು ಅಕ್ಕಂದಾಗಲಿ ಅಂತ ಅವನು, ತಮ್ಮಂದಾಗಲಿ ಅಂತ ಅವಳು. ಹೀಗೇ ಕೂದಲು ನೆರೆಯಿತು. ಹೋದ ವರ್ಷ ಅಕ್ಕ ಮಾಡಿಕೊಂಡೇಬಿಟ್ಟಳು. ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದ ಬಸ್ ಡ್ರೈವರ್, ಹೆಂಡತಿ ತೀರಿಕೊಂಡವನು, ಒಳ್ಳೆಯ ಮನುಷ್ಯ. ಊರು ಮಾತ್ರ ದೂರ. ತಮ್ಮನೇ ಮುಂದೆ ನಿಂತು ಮದುವೆ ಮಾಡಿಸಿದ.

ಈ ಸಲ ಮಳೆ ಹಿಡಿದ ಹೊಸದರಲ್ಲಿ ನನ್ನ ಅಂಗಡಿಗೆ ಬಂದ. ನನ್ನದು ರೇನ್‌ಕೋಟು, ಟಾರ್ಪಾಲಿನ ಅಂಗಡಿ. ಅದೇ ಕೋಟನ್ನು ಮೇಜಿನ ಮೇಲೆ ಹಾಸಿದ. ಬೆನ್ನುದ್ದಕ್ಕೂ ಹರಿದದ್ದನ್ನು ತಾನೇ ಮಿಷಿನ್ನಿನಲ್ಲಿ ಚೆಂದಕ್ಕೆ ಎರಡು ಸಾಲು ಹೊಲಿದಿದ್ದ.

"ಹೊಲಿದ ಮೇಲೆ ಇನ್ನೂ ಜಾಸ್ತಿ ಸೋರುತ್ತೆ ಅಣ್ಣಾ."

ನನಗೆ ರೇಗಿತು. "ಸೋರದೆ ಇನ್ನೇನಯ್ಯಾ? ಸೂಜಿ ಹಾಕಿ ಜರಡಿ ಮಾಡಿಟ್ಟಿದ್ದೀಯ! ಹೊಲಿಗೆ ಮೇಲೆ ಟೇಪ್ ಅಂಟಿಸ್ಬೇಕು ಅನ್ನೋದು ಗೊತ್ತಿಲ್ವಾ? ಹರಿದದ್ದಾದ್ರೂ ಹೇಗೆ?"

"ಗಾಳಿಗೆ. ಹಿಂದೆ ಆಳಿಲ್ಲದಿದ್ರೆ ಉಬ್ಬಿಕೊಂಡು ಎಳೆದಾಡುತ್ತೆ. ಅದಕ್ಕೆ ಈಗ ಮರಳಿನ ಚೀಲ ಕಟ್ಟಿದ್ದೀನಿ."

ಬಗ್ಗಿ ನೋಡಿದೆ. ಹಿಂದಿನ ಸೀಟಿನಲ್ಲಿ ಒಂದು ಚೀಲ ಹಗ್ಗ ಬಿಗಿಸಿಕೊಂಡು ನೆಟ್ಟಗೆ ಕೂತಿತ್ತು.

"ತಲೆ ನೆಟ್ಟಗಿದೆಯಾ ನಿಂಗೆ? ಆ ಸೆರಗು ಚಕ್ರಕ್ಕೆ ಸಿಕ್ಕಿದ್ರೆ ನಿನ್ನ ಗತಿ?" ಅಂತ ಬೈದು ಮೇಲಿನಿಂದ ಒಂದು ಜೊತೆ ಇಳಿಸಿದೆ. ಅಂಗಿ ಬೇರೆ, ಪ್ಯಾಂಟು ಬೇರೆ. ಜಿಪ್ಪಿನ ಮೇಲೆ ಮುಚ್ಚು ಪಟ್ಟಿ, ಮಣಿಕಟ್ಟಿಗೆ ಇಲಾಸ್ಟಿಕ್, ಬೆನ್ನಿಗೆ ಬೆಳಕಿಗೆ ಹೊಳೆಯುವ ಗೆರೆ. "ಹಾಕ್ಕೊಂಡು ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ ನೋಡು. ತೋಳು ಮೇಲಕ್ಕೆ ಹೋಗಬಾರದು. ಮೊಣಕಾಲು ಮಡಚಿದ್ರೆ ಪ್ಯಾಂಟು ಎಳೀಬಾರದು."

ಅವನು ಮುಟ್ಟಲಿಲ್ಲ. "ಮುಂದಿನ ವಾರ ಅಕ್ಕ ಬರ್ತಾಳೆ. ಇದನ್ನ ಹಾಕ್ಕೊಂಡ್ರೆ ಅವಳೇನು ನೆನೀಬೇಕಾ?"

ಗೊಣಗುತ್ತಲೇ ಹಳೇ ಕೋಟಿಗೇ ಒಳಗಡೆಯಿಂದ ಟೇಪು ಅಂಟಿಸಿ, ಕಾಯಿಸಿ ಒತ್ತಿಕೊಟ್ಟೆ.

ಅವಳು ಬಂದು ಹೋದ ಮೇಲೆ ಅವನು ಮತ್ತೆ ಬಂದ. ಕೋಟು ನಾನು ಮಡಚಿಕೊಟ್ಟ ಮಡಿಕೆಯಲ್ಲೇ ಇತ್ತು.

"ಅಷ್ಟು ಮಳೆ ಬಂತಲ್ಲ, ನನ್ನ ಟೇಪು ತಡೀತಾ?"

"ಬಿಚ್ಚಲೇ ಇಲ್ಲ ಅಣ್ಣಾ. ಭಾವ ಅವಳಿಗೆ ಹೊಸದು ಕೊಡಿಸಿದ್ದಾರೆ. ಕೆಂಪುದು. ಬಸ್ಸಿಂದ ಹಾಕ್ಕೊಂಡೇ ಇಳಿದ್ಳು."

"ಮತ್ತೆ ನೀನು?"

"ನೆಂದೆ. ಇದನ್ನ ಹಾಕಿದ್ರೆ ಸೆರಗು ಹಾರಿ ಅವಳ ಮುಖಕ್ಕೆ ಬಡಿಯುತ್ತಲ್ಲ." ಕೋಟನ್ನು ಮೇಜಿನ ಮೇಲಿಟ್ಟ. "ದಾರಿ ಪೂರ್ತಿ ಎಲ್ಲಿಗೆ ಬಂದ್ವಿ ಅಂತ ಕೇಳಲೇ ಇಲ್ಲ. ಅವಳಿಗೇ ಕಾಣ್ತಿತ್ತು. ನಾನೇ ಸೇತುವೆ ಅಂದೆ. 'ಗೊತ್ತು ಬಿಡೋ, ಮುಂದೆ ನೋಡ್ಕೊಂಡು ಓಡ್ಸು' ಅಂದ್ಳು."

ಆಮೇಲೆ, "ಅವತ್ತು ತೋರಿಸಿದ್ರಲ್ಲ, ಅದನ್ನ ಕೊಡಿ" ಅಂದ.

ಕೊಟ್ಟೆ. ಹಾಕಿಕೊಂಡು ಕತ್ತಿನವರೆಗೆ ಜಿಪ್ ಎಳೆದ. ಹೇಳಿದ ಹಾಗೆ ಕೈ ಚಾಚಿದ, ಮೊಣಕಾಲು ಮಡಚಿದ. ಅಳತೆ ಕಡೆದಿಟ್ಟ ಹಾಗಿತ್ತು. ಅವತ್ತೇ ಬಡ್ಕೊಂಡಿರಲಿಲ್ವಾ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಆಡದೆ ಅವನ ಕಾಲರ್ ಸರಿಮಾಡಿದೆ.

"ಇದರೊಳಗೆ ಒಬ್ಬರೇ ಅಲ್ವಾ ಅಣ್ಣಾ?"

"ಒಬ್ಬರೇ."

ಹೊರಗೆ ಹೋಗಿ ಬೈಕಿನ ಹಗ್ಗ ಬಿಚ್ಚಿದ. ಅಕ್ಕ ಹೋದ ಮೇಲೆ ಆ ಮರಳಿನ ಚೀಲವನ್ನು ಮತ್ತೆ ಕಟ್ಟಿಕೊಂಡಿದ್ದ. "ನಿಮ್ಮ ಮೆಟ್ಟಿಲ ಹತ್ರ ನೀರು ನಿಲ್ಲುತ್ತೆ, ಇಲ್ಲೇ ಸುರೀಲಾ?" ಅಂದ. ಹೂಂ ಅಂದೆ. ಸುರಿದು, ಕಾಲಿನಿಂದ ಮಟ್ಟ ಮಾಡಿ, ಖಾಲಿ ಚೀಲ ಝಾಡಿಸಿ ಮಡಚಿಕೊಂಡ.

ಮಳೆ ನಿಂತು ಬಿಸಿಲು ಬಿದ್ದಿತ್ತು. ಕೋಟು ತೆಗೆಯೋ, ಬೇಯ್ತೀಯ ಅಂತ ಕೂಗಿದೆ. ಅವನು ಆಗಲೇ ಬೈಕ್ ಹತ್ತಿ ಹೊರಟಿದ್ದ.