ಗೆರೆ ಹಾಕುವ ಕೆಲಸ

“ಆಟ ಆಡಿಸೋದೂ ಒಂದು ಕೆಲಸವೇನ್ರೀ?” ಎಂದು ಚಾಮರಾಜನಗರದ ಬಸ್ಸಿನಲ್ಲಿ ಪಕ್ಕ ಕೂತವರು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹೌದು ಸ್ವಾಮಿ, ಕೆಲಸವೇ. ವಾರವಿಡೀ ದುಡಿದ ಹೆಂಗಸರನ್ನು ಒಂದು ಹೊತ್ತು ಮೈದಾನಕ್ಕೆ ಕರೆತಂದು ಆಡಿಸಲು ಒಂದು ಸಂಸ್ಥೆ ನನ್ನನ್ನು ನೇಮಿಸಿಕೊಂಡಿದೆ. ಪೀಪಿ ಊದಲು ಬಂದರೆ ಸಾಕು ಎಂದುಕೊಂಡವರು ಗುಂಡ್ಲುಪೇಟೆ ಬಳಿಯ ಹಂಗಳದ ಶಾಲೆ ಮೈದಾನಕ್ಕೆ ಬಂದು ಊದಿ ನೋಡಲಿ.

ನಾನು ಊದಿದ್ದೆ. ಎರಡು ಭಾನುವಾರ ಒಬ್ಬರೂ ಬರಲಿಲ್ಲ. ಸೊಸೆಯರು ಬರಬೇಕಾದರೆ ಅತ್ತೆಯರು ಬಿಡಬೇಕು. ಶಾಲೆಯ ಹಿಂದಿನ ಬೀದಿಯಲ್ಲಂತೂ ಒಬ್ಬ ಅಜ್ಜಿ ಹೂಂ ಅನ್ನದೆ ಯಾರೂ ಹೊಸಿಲು ದಾಟುವಂತಿರಲಿಲ್ಲ. ಅವರ ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, ಮಂಡಿನೋವಿನ ಕಥೆಯನ್ನು ಮೊದಲಿನಿಂದ ಕೇಳಿ, ಕೊನೆಗೆ “ಅಜ್ಜೀ, ತೀರ್ಪು ಹೇಳೋಕೆ ಒಬ್ಬರು ದೊಡ್ಡೋರು ಬೇಕು” ಎಂದೆ. ಮುಂದಿನ ಭಾನುವಾರ ಅಜ್ಜಿ ನನ್ನ ಪೀಪಿಯನ್ನು ತಮ್ಮ ಕೊರಳಿಗೆ ಹಾಕಿಕೊಂಡು ಕಲ್ಲಿನ ಮೇಲೆ ಕೂತಿದ್ದರು. ಅವರ ಇಬ್ಬರು ಸೊಸೆಯರ ಹಿಂದೆ ಇಡೀ ಬೀದಿಯೇ ಬಂದಿತ್ತು. ಇದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಆದರೆ ಅದೇ ದಿನ ನಾನು ಒಂದು ಪೆದ್ದು ಕೆಲಸ ಮಾಡಿದ್ದೆ. ಸುಣ್ಣದ ಪುಡಿ ಸಿಗಲಿಲ್ಲವೆಂದು ಗುಂಡ್ಲುಪೇಟೆಯ ಅಂಗಡಿಯಿಂದ ರಂಗೋಲಿ ಪುಡಿ ತಂದು ಕಬಡ್ಡಿಗೆ ಗೆರೆ ಎಳೆದಿದ್ದೆ. ದಿನಾ ಬಾಗಿಲ ಮುಂದಿನ ರಂಗೋಲಿ ದಾಟಿಕೊಂಡು ಬೆಳೆದವಳಿಗೆ ಅಷ್ಟೂ ಹೊಳೆಯಬಾರದೇ! ಹೆಂಗಸರು ಸೀರೆ ಎತ್ತಿ ಹಿಡಿದು ಹುಷಾರಾಗಿ ಗೆರೆ ದಾಟಿದರು. ಎದುರಾಳಿಗಳ ಕೈಗೆ ಸಿಕ್ಕಿಬಿದ್ದ ಚಿಕ್ಕ ಸೊಸೆ ನಡುಗೆರೆಯವರೆಗೆ ತೆವಳಿ ಬಂದು ಕೈ ತಡೆದಳು.

“ಮುಟ್ಟವ್ವ! ಮುಟ್ಟಿದ್ರೆ ಗೆದ್ದೆ!” ಎಂದು ಕೂಗಿದೆ.

“ರಂಗೋಲಿ ಅಳ್ಸೋಯ್ತದಲ್ಲಕ್ಕ,” ಎಂದಳು. ಅಲ್ಲೇ ಸೋತಳು.

ಅಜ್ಜಿ ನನ್ನತ್ತ ತಿರುಗಿದರು. “ರಂಗೋಲಿ ಬುಟ್ಬುಟ್ಟು ತುಳೀರಿ ಅಂತೀಯಲ್ಲ, ಬುದ್ಧಿ ಐತೇನಮ್ಮಿ ನಿಂಗೆ?” ಎಂದು ಬೈದು, ಪೊರಕೆ ತರಿಸಿ ಗುಡಿಸಿದರು. ಒಂದು ಕೋಲಿನಿಂದ ಮಣ್ಣಿನಲ್ಲಿ ತಾವೇ ಗೆರೆ ಗೀಚಿದರು. ಅಂದಿನಿಂದ ಗೆರೆ ಹಾಕುವುದು ಅವರದೇ ಕೆಲಸವಾಯಿತು. ಚೆಂಡು ಹೂ ಕೊಯ್ದು ಬೆರಳು ಕಪ್ಪಾದ ಹೆಂಗಸರು ಆ ಗೆರೆಯ ಮೇಲೆ ಬಿದ್ದರು, ಹೊರಳಿದರು, ಬಿದ್ದು ಬಿದ್ದು ನಕ್ಕರು. ಕಾಡಿನಿಂದ ಆನೆ ಇಳಿಯುವ ಹೊತ್ತಿಗೆ ಮೊದಲೇ ಮನೆ ಸೇರಬೇಕಾದ್ದರಿಂದ ನಾಲ್ಕಕ್ಕೆ ಶುರು, ಐದೂವರೆಗೆ ಮುಗಿತಾಯ.

ಹೀಗಿರುವಾಗ ಚಾಮರಾಜನಗರದಿಂದ ನಮ್ಮ ಸಂಸ್ಥೆಯ ಮೇಲ್ವಿಚಾರಕರು ಬಂದರು. ಹಂಗಳದ ಆಟ ಮುಂದುವರಿಯಬೇಕೋ ಬೇಡವೋ ಎಂದು ಬರೆಯುವ ಅಧಿಕಾರ ಅವರದು. ನಾಲ್ಕಕ್ಕೆ ಬರುತ್ತೇನೆಂದವರು ಕಾರಿನಿಂದ ಇಳಿದಾಗ ನಾಲ್ಕೂವರೆಯಾಗಿತ್ತು. ಬಂದವರು ಆಟ ನೋಡಲಿಲ್ಲ, ನೆಲ ನೋಡಿದರು. “ಮೇಡಂ, ಲೈನೇ ಇಲ್ಲ. ಫೋಟೋದಲ್ಲಿ ಏನು ಕಾಣತ್ತೆ?” ಎಂದು ಡ್ರೈವರನ್ನು ಅಂಗಡಿಗೆ ಓಡಿಸಿದರು. ಡ್ರೈವರ್ ತಂದದ್ದೂ ರಂಗೋಲಿ ಪುಡಿಯನ್ನೇ.

“ಸಾರ್, ಇದನ್ನ ಇವರು ತುಳಿಯಲ್ಲ. ಕೋಲಿನ ಗೆರೆ ಸಾಕು,” ಎಂದೆ.

“ಮೂಢನಂಬಿಕೆಗೆಲ್ಲ ನಾವು ಸಪೋರ್ಟ್ ಮಾಡೋಕಾಗಲ್ಲ ಮೇಡಂ.”

ನನ್ನ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಇಂದಿಗೂ ಆ ಸಿಟ್ಟು ನನ್ನ ಮೇಲೆಯೇ ಇದೆ. ಬಿಳಿ ಗೆರೆ ಬಿತ್ತು. ಹೆಂಗಸರು ಸೀರೆ ಎತ್ತಿ ದಾಟಿದರು, ಅಂಚಿಗೆ ಬಂದವರು ನಿಂತರು, ಯಾರೂ ಯಾರನ್ನೂ ಹಿಡಿಯಲಿಲ್ಲ. ಮೇಲ್ವಿಚಾರಕರು ಹತ್ತು ನಿಮಿಷ ನೋಡಿ, ಕಾರಿನ ಬಾನೆಟ್ ಮೇಲೆ ಕಾಗದವಿಟ್ಟು ಏನೋ ಬರೆದರು.

“ಏನ್ ಬರ್ದವ್ರೆ, ಓದಮ್ಮಿ,” ಎಂದರು ಅಜ್ಜಿ.

ಬಾನೆಟ್ಟಿನತ್ತ ಬಗ್ಗಿ ಗಟ್ಟಿಯಾಗಿಯೇ ಓದಿದೆ: “ಮಹಿಳೆಯರಿಗೆ ಆಟದಲ್ಲಿ ಆಸಕ್ತಿ ಇಲ್ಲ. ಕಾರ್ಯಕ್ರಮ ನಿಲ್ಲಿಸಬಹುದು.”

ಅಜ್ಜಿ ಪೊರಕೆ ತಂದು ಬಿಳಿಯನ್ನೆಲ್ಲ ಗುಡಿಸಿ, ಕೋಲು ಹಿಡಿದು ಗೆರೆ ಎಳೆಯುತ್ತಾ ಆ ಮನುಷ್ಯರ ಕಾಲಬುಡಕ್ಕೆ ಬಂದರು. “ಸಾಮಿ, ಆಚ್ಗೋಗಿ. ಆಟದೊಳ್ಗೆ ನಿಂತಿದ್ದೀರ,” ಎಂದು ಪೀಪಿ ಊದಿದರು. ಅವರು ಹಿಂದೆ ಸರಿದರು. ಉಳಿದ ಹತ್ತೇ ನಿಮಿಷದಲ್ಲಿ ಚಿಕ್ಕ ಸೊಸೆ ಮೂವರನ್ನು ಎಳೆದುಕೊಂಡು ಬಂದು ನಡುಗೆರೆ ಮುಟ್ಟಿದಳು. ಅದನ್ನೂ ನೋಡಿದರು. ಬರೆದದ್ದನ್ನು ಮಾತ್ರ ಅಳಿಸಲಿಲ್ಲ.

ಮುಂದಿನ ತಿಂಗಳ ಪಟ್ಟಿಯಲ್ಲಿ ಹಂಗಳ ಇರಲಿಲ್ಲ. ನನ್ನನ್ನು ಪುಣಜನೂರಿಗೆ ಹಾಕಿದರು, ಅದೂ ಶನಿವಾರಕ್ಕೆ. ಭಾನುವಾರ ನಾನಾಗಿಯೇ ಹಂಗಳದ ಬಸ್ಸು ಹತ್ತಿದೆ. ಏನು ಹೇಳಲಿ, ಯಾವ ಮುಖ ಹೊತ್ತು ಹೇಳಲಿ ಎಂದು ದಾರಿಯುದ್ದಕ್ಕೂ ಹಲ್ಲು ಕಡಿದುಕೊಂಡೇ ಹೋದೆ. ಶಾಲೆಯ ತಿರುವಿನಲ್ಲಿಯೇ ಪೀಪಿ ಕೇಳಿಸಿತು.

ಅಜ್ಜಿ ಕಲ್ಲಿನ ಮೇಲಿದ್ದರು. ನನ್ನನ್ನು ನೋಡಿ ಪೀಪಿಯನ್ನು ಬಾಯಿಂದ ತೆಗೆದರು.

“ಆಸಕ್ತಿ ಇಲ್ದೋರು ಇಪ್ಪತ್ತೊಂದು ಜನ ಬಂದವ್ರೆ ಕಣಮ್ಮಿ. ಬರ್ಕೊಂಡೋಗಿ ಕೊಡು ಅವ್ರಿಗೆ.”